ಅಯ್ನೋರ ಮಗಳು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣ ಬರೆಯಲು ಆಕೆ ಒಪ್ಪಿದ್ದಾರೆ. ಊರು, ಕೆಲಸ, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹೆಸರೂ ಬದಲಿಸಿದ್ದು, ಇಲ್ಲಿ ಅವರು ಕರುಣಾ. ಹೆಸರಿಲ್ಲದೆಯೂ ಬರೆಯಬಹುದಿತ್ತು. ಆದರೆ ಚಿಕ್ಕಂದಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಕಡಿಮೆಯಂತೆ. ಬೆಳೆದ ಐದು ಊರಲ್ಲೂ ಅವರು ‘ಅಯ್ನೋರ ಮಗಳು’. ಹಾಗಾಗಿ ಬದಲಿ ಹೆಸರಾದರೂ ಒಂದು ಇರಲಿ ಅನ್ನಿಸಿತು.

ಉತ್ತರ ಕರ್ನಾಟಕದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಸಭಾಪಾಲಕರನ್ನು (ಪಾದ್ರಿಗಳನ್ನು) ಅಯ್ನೋರು ಅಂತ ಕರೆಯುತ್ತಾರೆ. ಅವರ ಹೆಂಡತಿ ಅಮ್ಮನವರು. ಚರ್ಚ್ ಪಕ್ಕದ ಮನೆ ಅಯ್ನೋರ ಬಂಗಲೆ. ಹೆಸರು ಬಂಗಲೆ, ಮಳೆಗಾಲದಲ್ಲಿ ಹೆಂಚು ಸೋರುತ್ತಿತ್ತು, ಪಾತ್ರೆ ಇಡುತ್ತಿದ್ದೆವು ಅಂತ ಕರುಣಾ ಹೇಳಿದರು.

ಅವರಿಗೆ 32 ವರ್ಷ. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಗಂಡ ಇಂಜಿನಿಯರ್. ಐದು ವರ್ಷದ ಮಗ ಇದ್ದಾನೆ. ಮೊದಲ ದಿನ ಬಂದವರು ಕುರ್ಚಿಯ ತುದಿಯಲ್ಲಿ ಕೂತರು. ಬ್ಯಾಗು ಮಡಿಲಲ್ಲೇ ಇತ್ತು. ಎರಡು ತಿಂಗಳಿಂದ ನಿದ್ದೆ ಸರಿಯಿಲ್ಲ, ಮನೆಯಲ್ಲಿ ದಿನಾ ಜಗಳ ಅಂದರು. ಗಂಡ ಕೆಲಸ ಬಿಟ್ಟು ಮಂಗಳೂರು ಬಲ್ಮಠದ ದೇವಶಾಸ್ತ್ರ ಕಾಲೇಜಿಗೆ ಸೇರಬೇಕು, ಸಭಾಪಾಲಕನಾಗಬೇಕು ಅನ್ನುತ್ತಿದ್ದಾರೆ. ದೇವರ ಕರೆ ಬಂದಿದೆ ಅನ್ನುತ್ತಿದ್ದಾರೆ. ಅತ್ತೆ ಮನೆಯವರಿಗೆಲ್ಲ ಸಂತೋಷ. ಕರುಣಾ ಮಾತ್ರ ಒಂದೇ ಮಾತು ಹೇಳಿದರು: “ನನ್ನ ಮಗನನ್ನ ಅಯ್ನೋರ ಮಗ ಮಾಡೋಕೆ ನಾನು ಬಿಡಲ್ಲ.”

ಆ ದಿನ ನಾನು ಒಂದು ತಪ್ಪು ಮಾಡಿದೆ. ನಾನೂ ಸಭೆಯಲ್ಲೇ ಬೆಳೆದವಳು, ಆದರೆ ನಮ್ಮ ಮನೆ ಮೇಷ್ಟ್ರ ಮನೆ. ಅಯ್ನೋರ ಮಕ್ಕಳನ್ನು ನೋಡಿ ಹೊಟ್ಟೆಕಿಚ್ಚುಪಟ್ಟವಳು. ದಿನಾ ಪ್ರಾರ್ಥನೆ, ಮನೆ ತುಂಬ ಹಾಡು, ದೇವರ ಮಾತು ಬಾಯಲ್ಲೇ ಇರುವ ಅಪ್ಪ. ಇಂಥ ಮನೆಯಲ್ಲಿ ಹುಟ್ಟುವುದು ಎಷ್ಟು ದೊಡ್ಡ ಭಾಗ್ಯ ಅಲ್ವಾ ಅಂತ ಕೇಳಿಬಿಟ್ಟೆ. ಬೈಬಲಿನ ತಿಮೊಥೆಯನ ಅಜ್ಜಿ ಲೋವಿ, ತಾಯಿ ಯೂನಿಕೆ, ಅವರಿಂದ ಅವನಿಗೆ ಇಳಿದು ಬಂದ ನಂಬಿಕೆ, ಇದನ್ನೆಲ್ಲ ನೆನಪಿಸಿದೆ. ಕರುಣಾ ತಲೆ ಆಡಿಸಿದರು. ಮುಖ ಮುಚ್ಚಿಕೊಂಡ ಬಾಗಿಲಿನಂತೆ ಆಯಿತು. ಆ ಮಾತನ್ನು ಅವರು ಬಾಲ್ಯದಿಂದ ಸಾವಿರ ಸಲ ಕೇಳಿದ್ದರು. ಪ್ರತಿ ಸಲವೂ ಅದರ ಅರ್ಥ ಒಂದೇ ಆಗಿತ್ತು: ನೀನು ದೂರು ಹೇಳುವ ಹಾಗಿಲ್ಲ.

ಎರಡನೇ ಭೇಟಿಯಲ್ಲಿ ಮೊದಲು ಅದಕ್ಕೆ ಕ್ಷಮೆ ಕೇಳಿದೆ. ಆಮೇಲೆ ಊಟ, ನಿದ್ದೆ, ಸಾಯುವ ಯೋಚನೆ ಏನಾದರೂ ಬರುತ್ತದೆಯೇ, ಎಲ್ಲ ವಿಚಾರಿಸಿದೆ. ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ನಂಬಿಕೆಯ ಮಾತು ಎಷ್ಟೇ ದೊಡ್ಡದಿರಲಿ, ಈ ಪ್ರಶ್ನೆಗಳನ್ನು ಬಿಡಬಾರದು. ಇವೆಲ್ಲ ಆದಮೇಲೆ ಹೇಳಿದೆ, “ಇವತ್ತು ನೀವು ಸಭೆಯಲ್ಲಿ ಹೇಳುವ ಹಾಗೆ ದೇವರ ಉಪಕಾರದ ಸಾಕ್ಷಿ ಹೇಳಬೇಕಾಗಿಲ್ಲ. ನೋವಾದದ್ದನ್ನು ಹೇಳಿ.”

ಒಂದು ಗಂಟೆ ಮಾತಾಡಿದರು. ಐದು ಊರು, ಐದು ಶಾಲೆ. ವರ್ಗಾವಣೆ ಪತ್ರ ಬಂದರೆ ಗೆಳತಿಯರು ಮುಗಿದರು. ಗದಗದ ಹತ್ತಿರದ ಊರು ಬಿಡುವಾಗ ಸಾಕಿದ ನಾಯಿಯನ್ನು ಅಲ್ಲೇ ಬಿಟ್ಟು ಬಂದದ್ದು, ಅದು ಲಾರಿಯ ಹಿಂದೆ ಓಡಿ ಬಂದದ್ದು. ಕ್ರಿಸ್‌ಮಸ್ ದಿನ ಅಪ್ಪನಿಗೆ ಮೂರು ಊರಲ್ಲಿ ಆರಾಧನೆ. ಮನೆಯಲ್ಲಿ ಹಬ್ಬದ ಊಟ ಸಂಜೆ ನಾಲ್ಕಕ್ಕೆ, ಅದೂ ಅಪ್ಪ ಕೂತಲ್ಲೇ ನಿದ್ದೆಗೆ ಜಾರುತ್ತಿರುವಾಗ. ಜೋರಾಗಿ ನಕ್ಕರೆ “ಅಯ್ನೋರ ಮಗಳು ಹಿಂಗ ನಗಬಾರದವ್ವ” ಅನ್ನುವ ಹಿರಿಯರು. ಅಮ್ಮನ ಸೀರೆಯ ಬಗ್ಗೆ ಕಮಿಟಿಯವರ ಮನೆಯಲ್ಲಿ ನಡೆಯುವ ಚರ್ಚೆ. ಸಂಬಳ ತಡವಾದ ತಿಂಗಳು ಅಮ್ಮ ಅಕ್ಕಿ ಡಬ್ಬಿಯನ್ನು ಅಲ್ಲಾಡಿಸಿ ನೋಡುವ ಸದ್ದು.

ಕೊನೆಗೆ ಬಂದದ್ದು ದೊಡ್ಡದು. ಆಗ ಹನ್ನೆರಡು ವರ್ಷ. ಭಾನುವಾರ ಕಾಣಿಕೆ ಎಣಿಸುವ ಮೇಜಿನಿಂದ ಐದು ರೂಪಾಯಿ ನಾಣ್ಯ ಒಂದನ್ನು ಎತ್ತಿಕೊಂಡಿದ್ದಳು. ಐಸ್‌ಕ್ರೀಮ್‌ಗೆ. ರಾತ್ರಿ ತಾನೇ ಅತ್ತು ಅಪ್ಪನಿಗೆ ಹೇಳಿದಳು. ಅಪ್ಪ ಬೈಯಲಿಲ್ಲ, ತಲೆ ಸವರಿದರು. ಎರಡು ವಾರ ಬಿಟ್ಟು ಚರ್ಚಿನ ಪ್ರಸಂಗದಲ್ಲಿ, ಅಂದರೆ ಬೋಧನೆಯಲ್ಲಿ, ಪಾಪವನ್ನು ಒಪ್ಪಿಕೊಳ್ಳುವುದರ ಬಗ್ಗೆ ಮಾತಾಡುತ್ತಾ, ಆ ಕಥೆ ಹೇಳಿದರು. ಹೆಸರು ಹೇಳಲಿಲ್ಲ. ಆದರೆ ಅವರಿಗಿದ್ದದ್ದು ಒಬ್ಬಳೇ ಮಗಳು.

“ಅವತ್ತಿನಿಂದ ನಾನು ಬಾಯಿ ಬಿಟ್ಟು ಪ್ರಾರ್ಥನೆ ಮಾಡಿಲ್ಲ” ಅಂದರು ಕರುಣಾ. “ದೇವರಿಗೆ ಹೇಳಿದ್ದೂ ಸಭೆಗೆ ಗೊತ್ತಾಗುತ್ತೆ ಅನ್ನಿಸಿಬಿಟ್ಟಿತ್ತು.”

ಈ ನೋವು ಹೊಸದಲ್ಲ. ನಮ್ಮ ಸಭೆಗಳ ಬುಡದಲ್ಲೇ ಇದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ, ಕಿಟ್ಟೆಲ್ ಅವರ ನಿಘಂಟು, ಇವೆಲ್ಲ ನಮಗೆ ಗೊತ್ತು. ಅವರ ಮಕ್ಕಳ ಕಥೆ ಯಾರೂ ಜಾಸ್ತಿ ಹೇಳುವುದಿಲ್ಲ. ಓದಿಗಾಗಿ ಆ ಮಕ್ಕಳನ್ನು ಚಿಕ್ಕ ವಯಸ್ಸಲ್ಲೇ ಯುರೋಪಿಗೆ ಕಳಿಸುತ್ತಿದ್ದರು. ಮಲಯಾಳಂ ನಿಘಂಟು ಬರೆದ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಇನ್ನೂ ಪುಟ್ಟ ಮಗುವಾಗಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ಮತ್ತೆ ಇಲ್ಲಿಗೆ ಹೊರಟು ಬಂದರು. ಅವಳು ಅವರ ಬಳಿಗೆ ಮರಳಿದ್ದು ಹದಿಹರೆಯದಲ್ಲಿ. ಮುಂದೆ ಅವಳೂ ಮಿಷನ್ ಕೆಲಸಕ್ಕೇ ಬಂದಳು. ಆದರೆ ಆ ನಡುವಿನ ವರ್ಷಗಳನ್ನು ಯಾರು ತಂದುಕೊಡುತ್ತಾರೆ? ಇದನ್ನು ಕರುಣಾಗೆ ಹೇಳಿದೆ. ಸೇವೆಯ ಬೆಲೆಯನ್ನು ಮಕ್ಕಳೂ ಕಟ್ಟಿದ್ದಾರೆ. ಅದನ್ನು ಬಾಯಿ ಬಿಟ್ಟು ಹೇಳಿದರೆ ದೇವರಿಗೆ ಅವಮಾನ ಆಗುವುದಿಲ್ಲ. ಬೈಬಲಿನ ಕೀರ್ತನೆಗಳಲ್ಲಿ ಎಷ್ಟೋ ದೂರುಗಳೇ ಅಲ್ವಾ?

ಮೂರನೇ ಭೇಟಿಯಲ್ಲಿ ವಿಷಯ ತಿರುಗಿತು. ಅದೂ ನಾನು ಕೇಳಿದ್ದಕ್ಕಲ್ಲ. ಅತ್ತೆಯ ಬಗ್ಗೆ ಏನೋ ಹೇಳುತ್ತಿದ್ದರು. ಕಳೆದ ವರ್ಷ ಅವರು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಕೊನೆಯ ರಾತ್ರಿ ಎಲ್ಲರೂ ಕಾರಿಡಾರ್‌ನಲ್ಲಿ ನಿಂತಿದ್ದರಂತೆ. ಒಬ್ಬರು ಫೋನ್ ಹಿಡಿದು ಓಡಾಡುತ್ತಿದ್ದರು, ಒಬ್ಬರು ಡಾಕ್ಟರ ಜೊತೆ ವಾದ ಮಾಡುತ್ತಿದ್ದರು. ಒಳಗೆ ಹೋಗಲು ಯಾರಿಗೂ ಧೈರ್ಯವಿಲ್ಲ. ಕರುಣಾ ಹೋಗಿ ಕೈ ಹಿಡಿದು ಕೂತರು. ತುಟಿ ಒದ್ದೆ ಮಾಡಿದರು. ಸಣ್ಣ ದನಿಯಲ್ಲಿ 23ನೇ ಕೀರ್ತನೆ ಹೇಳಿದರು. ಅತ್ತೆಯ ತುಟಿಯೂ ಅಲ್ಲಾಡಿತು. ಬೆಳಗಿನ ತನಕ ಅಲ್ಲೇ ಇದ್ದರು.

“ಇದನ್ನು ನಿಮಗೆ ಯಾರು ಕಲಿಸಿದರು?” ಅಂತ ಕೇಳಿದೆ.

“ಯಾರೂ ಇಲ್ಲ. ಅದರಲ್ಲಿ ಕಲಿಯೋದೇನಿದೆ?”

ನಾನು ಸುಮ್ಮನಿದ್ದೆ. ಗಡಿಯಾರದ ಸದ್ದು ಕೇಳುವಷ್ಟು ಹೊತ್ತು. ಆಮೇಲೆ ಅವರೇ ಶುರು ಮಾಡಿದರು.

ಒಂಬತ್ತು ವರ್ಷದವಳಿದ್ದಾಗ ಅಪ್ಪನ ಲೂನಾದ ಹಿಂದೆ ಕೂತು ಮರಣದ ಮನೆಗಳಿಗೆ ಹೋಗುತ್ತಿದ್ದಳು. ಕೈಯಲ್ಲಿ ಗೀತೆಯ ಪುಸ್ತಕ, ಟಾರ್ಚು. ರಾತ್ರಿ ಹತ್ತಾಗಲಿ ಹನ್ನೆರಡಾಗಲಿ, ಕರೆ ಬಂದರೆ ಅಪ್ಪ ಹೊರಡುತ್ತಿದ್ದರು. ಕರೀ ಮಣ್ಣಿನ ದಾರಿ, ಮಳೆ ಬಂದರೆ ಗಾಡಿ ತಳ್ಳಬೇಕು. ಅಂಥ ಮನೆಯ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಡುತ್ತಾ ಹೇಳುತ್ತಿದ್ದದ್ದು ಒಂದೇ: “ಏನೂ ಮಾತಾಡಬೇಡ. ಅಳೋರ ಪಕ್ಕ ಸುಮ್ನೆ ಕೂತ್ಕೋ.” ಅಪ್ಪನೂ ಹಾಗೇ ಕೂರುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಒಂದು ಹಾಡು. ಆಮೇಲೆ ಒಂದು ಕೀರ್ತನೆ. ವಾಕ್ಯ ಓದಲು ಪುಸ್ತಕ ತೆರೆಯುತ್ತಿರಲಿಲ್ಲ, ಲಾಟೀನಿನ ಬೆಳಕಲ್ಲಿ ಕಾಣುತ್ತಿರಲಿಲ್ಲ. ಕೇಳಿ ಕೇಳಿ ಮಗಳಿಗೂ ಬಾಯಿಪಾಠ ಆಯಿತು.

ಹೇಳುತ್ತಾ ಹೇಳುತ್ತಾ ಕರುಣಾ ಬ್ಯಾಗನ್ನು ಕೆಳಗಿಟ್ಟರು. ನಾನು ಅದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಸೇವೆಯ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಸಿಗುವ ಆತ್ಮಿಕ ಲಾಭ ಅಂದರೆ ಜನ ಸಾಮಾನ್ಯವಾಗಿ ಬೈಬಲ್ ಜ್ಞಾನ, ಸಂಡೇ ಸ್ಕೂಲ್ ಬಹುಮಾನ ಅಂತ ಲೆಕ್ಕ ಹಾಕುತ್ತಾರೆ. ನಾನು ಈ ಕೆಲಸದಲ್ಲಿ ನೋಡಿದ್ದು ಬೇರೆ. ಸಾವಿನ ಮನೆಗೆ ಹೋಗಲು ಹೆದರದ ಕಾಲು. ಗುರುತಿಲ್ಲದವರು ಊಟದ ಹೊತ್ತಿಗೆ ಬಂದರೆ ಸಾರಿಗೆ ಒಂದು ಲೋಟ ನೀರು ಜಾಸ್ತಿ ಹಾಕುವ ಕೈ. ಬಡವರು, ಶ್ರೀಮಂತರು, ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಬೆಂಚಿನಲ್ಲಿ ಕೂತದ್ದನ್ನು, ಕೆಲವೊಮ್ಮೆ ಕೂರಲು ಒಪ್ಪದೆ ಜಗಳವಾಡಿದ್ದನ್ನೂ, ಅಪ್ಪ ಅದಕ್ಕಾಗಿ ರಾತ್ರಿ ಅತ್ತದ್ದನ್ನೂ ಹತ್ತಿರದಿಂದ ನೋಡಿದ ಕಣ್ಣು. ಅಕ್ಕಿ ಡಬ್ಬಿ ಖಾಲಿಯಾದ ದಿನ ಅಮ್ಮ ಪ್ರಾರ್ಥನೆಗೆ ಕೂತದ್ದು ಕರುಣಾಗೆ ನೆನಪಿದೆ. ಸಂಜೆಗೆ ಒಬ್ಬ ರೈತ ಸುಗ್ಗಿ ಹಬ್ಬಕ್ಕೆ ಮುಂಚೆಯೇ ಜೋಳದ ಚೀಲ ತಂದಿಟ್ಟದ್ದೂ ನೆನಪಿದೆ. ಮೊದಲ ಸಲ ಅವರು ಡಬ್ಬಿಯ ಸದ್ದನ್ನಷ್ಟೇ ಹೇಳಿದ್ದರು. ಜೋಳದ ಚೀಲ ಮೂರನೇ ಭೇಟಿಯಲ್ಲಿ ಬಂತು. ನೋವನ್ನು ಹೇಳಲು ಜಾಗ ಸಿಗದಿದ್ದರೆ ಅದರ ಹಿಂದೆ ನಿಂತ ಕೃತಜ್ಞತೆಗೂ ಹೊರಬರಲು ದಾರಿ ಇರುವುದಿಲ್ಲ. ಎರಡೂ ಒಂದೇ ಬಾಗಿಲಿಂದ ಬರಬೇಕು.

ಇನ್ನೊಂದು ಲಾಭವಿದೆ, ಅದರ ಬಗ್ಗೆ ಮಾತು ಕಡಿಮೆ. ಅಯ್ನೋರ ಮಕ್ಕಳು ಅಯ್ನೋರನ್ನು ಬನಿಯನ್ನಿನಲ್ಲಿ ನೋಡಿರುತ್ತಾರೆ. ಸಿಟ್ಟು, ಸುಸ್ತು, ಸಾಲದ ಚಿಂತೆ ಎಲ್ಲ ಗೊತ್ತು. ಹಾಗಾಗಿ ಮುಂದೆ ಯಾವನೋ ದೊಡ್ಡ ಪ್ರಸಂಗಿ ಎಡವಿ ಬಿದ್ದರೆ ಅವರ ನಂಬಿಕೆ ಅದರೊಂದಿಗೆ ಬೀಳುವುದಿಲ್ಲ. ಬೋಧಕ ಬೇರೆ, ದೇವರು ಬೇರೆ ಅನ್ನುವುದನ್ನು ಅಡುಗೆಮನೆಯಲ್ಲೇ ಕಲಿತಿರುತ್ತಾರೆ. ಆದರೆ ಕರುಣಾಗೆ ಆ ಐದು ರೂಪಾಯಿಯ ಭಾನುವಾರ ಈ ಪಾಠವನ್ನೇ ಕೆಡಿಸಿತ್ತು. ಅಪ್ಪನ ದನಿ, ದೇವರ ದನಿ ಎರಡೂ ಅಂಟಿಕೊಂಡಿದ್ದವು.

ಹಾಗಾಗಿ ನಾಲ್ಕನೇ ಭೇಟಿಯಲ್ಲಿ ಬೈಬಲಿನ ಬಾಲಕ ಸಮುವೇಲನ ಕಥೆಯನ್ನು ಜೊತೆಯಾಗಿ ಓದಿದೆವು. ಅವನೂ ದೇವಾಲಯದಲ್ಲೇ ಬೆಳೆದವನು. ಶೀಲೋವಿನಲ್ಲಿ, ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷ ಇದ್ದ ಜಾಗದಲ್ಲೇ ಮಲಗುತ್ತಿದ್ದ. ಅಷ್ಟು ಹತ್ತಿರ. ಆದರೂ ಅವನಿಗೆ ಇನ್ನೂ ಯೆಹೋವ ದೇವರು ಗೊತ್ತಿರಲಿಲ್ಲ ಅಂತ ಅದೇ ಅಧ್ಯಾಯ ಹೇಳುತ್ತದೆ. ರಾತ್ರಿ ದೇವರು ಹೆಸರು ಹಿಡಿದು ಕರೆದರೆ ಅಲ್ಲಿನ ಯಾಜಕ ಏಲಿಯೇ ಕರೆದ ಅಂತ ಎದ್ದು ಓಡುತ್ತಾನೆ. ಒಂದಲ್ಲ, ಮೂರು ಸಲ. ಆ ಏಲಿ ಒಳ್ಳೆಯ ತಂದೆಯೂ ಅಲ್ಲ, ಸ್ವಂತ ಮಕ್ಕಳನ್ನು ತಿದ್ದಲಾಗದವನು. ಆದರೆ ಮೂರನೇ ಸಲ ಆ ಮುದುಕನಿಗೇ ಅರ್ಥವಾಗುತ್ತದೆ. ಇದು ನನ್ನ ದನಿ ಅಲ್ಲ, ಹೋಗಿ ಮಲಗು, ಮತ್ತೆ ಕರೆದರೆ ಅವನಿಗೇ ಉತ್ತರ ಕೊಡು ಅನ್ನುತ್ತಾನೆ.

ಕರುಣಾ ಪುಟದ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು. “ಹೆಸರು ಹಿಡಿದು ಕರೆದದ್ದು” ಅಂದರು. ಅಷ್ಟೇ.

ಆಗ ಅವರಿಗೆ ವೆಲ್ಲೂರಿನ ಐಡಾ ಸ್ಕಡರ್ ಅವರ ಬದುಕಿನ ಬಗ್ಗೆಯೂ ಹೇಳಿದೆ. ನಮ್ಮ ಕಡೆ ವೆಲ್ಲೂರು ಆಸ್ಪತ್ರೆ ಅಂದರೆ ಎಲ್ಲರಿಗೂ ಗೊತ್ತು. ಅದನ್ನು ಕಟ್ಟಿದ ಈ ಹೆಣ್ಣುಮಗಳು 1870ರಲ್ಲಿ ಮಿಷನರಿ ವೈದ್ಯರ ಮನೆಯಲ್ಲಿ ಹುಟ್ಟಿದವರು. ಅಜ್ಜನೂ ಅದೇ ಕೆಲಸದವರು. ತಾನು ಮಾತ್ರ ಈ ಬಾಳು ಬೇಡ ಅಂತ ತೀರ್ಮಾನ ಮಾಡಿದ್ದರು. ಕಾಯಿಲೆ ಬಿದ್ದ ಅಮ್ಮನನ್ನು ನೋಡಿಕೊಳ್ಳಲು ಅಮೆರಿಕದಿಂದ ಬಂದಿದ್ದಾಗ ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಹಿಂದೊಬ್ಬರು ಬಂದು ಹೆರಿಗೆ ಕಷ್ಟದಲ್ಲಿರುವ ಹೆಂಡತಿಯರಿಗೆ ಸಹಾಯ ಕೇಳಿದರು. ಗಂಡು ಡಾಕ್ಟರಾದ ಅಪ್ಪ ಬರುವುದು ಅವರಿಗೆ ಬೇಡ. ಐಡಾಗೆ ವೈದ್ಯಕೀಯ ಗೊತ್ತಿಲ್ಲ. ಮೂವರೂ ಹೆಂಗಸರು ತೀರಿಕೊಂಡರು. ಆಮೇಲೆ ಐಡಾ ಹೋಗಿ ವೈದ್ಯಕೀಯ ಓದಿ ಬಂದರು, 1900ರಲ್ಲಿ ವೆಲ್ಲೂರಿನಲ್ಲಿ ಕೆಲಸ ಶುರು ಮಾಡಿದರು. ಎಲ್ಲ ಮಕ್ಕಳೂ ಹೀಗೆ ಸೇವೆಗೆ ಮರಳಬೇಕು ಅನ್ನಲು ನಾನು ಇದನ್ನು ಹೇಳಲಿಲ್ಲ. ಕರೆ ಅವರದೇ ಬಾಗಿಲಿಗೆ ಬಂತು, ಅಪ್ಪನ ಕರೆಯನ್ನು ಅವರು ಹೊತ್ತುಕೊಳ್ಳಲಿಲ್ಲ ಅನ್ನುವುದಕ್ಕೆ ಹೇಳಿದೆ. ಅಯ್ನೋರ ಮಗಳು ಲೆಕ್ಕಪತ್ರದ ಕೆಲಸ ಮಾಡಿಕೊಂಡು, ಪಕ್ಕದ ಮನೆಯ ಅಜ್ಜಿಗೆ ಗಂಜಿ ಕೊಟ್ಟು ಬದುಕಿದರೂ ಆ ಮನೆಯ ಆಸ್ತಿ ಅವಳಿಗೆ ಸಿಕ್ಕಿದೆ. ಅದನ್ನು ಯಾರಿಗೂ ವಾಪಸ್ ಕಟ್ಟಬೇಕಾಗಿಲ್ಲ.

ಇನ್ನು ನಾನು ಕೊಟ್ಟ ಸಲಹೆ. ಒಂದು ಪತ್ರ ಬರೆಯಿರಿ ಅಂದೆ, ಅಪ್ಪನಿಗೆ, ಕಳಿಸುವ ಉದ್ದೇಶವಿಲ್ಲದೆ. ನೋವು ಮತ್ತು ಲೂನಾ ಎರಡೂ ಅದರಲ್ಲಿರಲಿ. ದಿನಕ್ಕೆ ಐದು ನಿಮಿಷ ಒಬ್ಬರೇ ಕೂತು ಬಾಯಿ ಬಿಟ್ಟು ಪ್ರಾರ್ಥನೆ ಮಾಡಿ ನೋಡಿ, ದೂರಾದರೂ ಪರವಾಗಿಲ್ಲ ಅಂದೆ. ಮನೆಯಲ್ಲಿ ಆಗಲಿಲ್ಲ. ಆಫೀಸಿಗೆ ಹೋಗುವಾಗ ಸ್ಕೂಟರ್ ಮೇಲೆ, ಹೆಲ್ಮೆಟ್ ಒಳಗೆ ಮಾಡಿದರು. ಅದು ಕೆಲಸ ಮಾಡಿತು. ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಅಂತ ಗೊತ್ತಾದ ಮೇಲೆ ದನಿಯೂ ದೊಡ್ಡದಾಯಿತಂತೆ.

ಐದನೇ ಸಲ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. ಹೆಂಡತಿಗೆ ತನ್ನ ಕರೆಯ ಮೇಲೆ ನಂಬಿಕೆಯಿಲ್ಲ ಅಂತ ತಿಳಿದುಕೊಂಡಿದ್ದರು. ಐದು ರೂಪಾಯಿಯ ಕಥೆ ಅವರಿಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಮದುವೆಯಾಗಿ ಎಂಟು ವರ್ಷ. ಅವರಿಗೆ ನಾನು ನೇರವಾಗಿ ಹೇಳಿದೆ: ಕರೆ ನಿಮಗೆ ಬಂದಿರಬಹುದು, ಆದರೆ ಮನೆ ಮೂವರದು. ಒಂದು ವರ್ಷ ಕಾಯಿರಿ. ಅಷ್ಟರಲ್ಲಿ ಕರೆ ಆರಿಹೋದರೆ ಅದು ಕರೆಯಲ್ಲ. ಮತ್ತು ಸೇವೆಗೆ ಹೋಗುವುದಾದರೆ ಈಗಲೇ ಕೂತು ಒಪ್ಪಂದ ಬರೆಯಿರಿ.

ಬರೆದರು. ಮಗನ ಯಾವ ಮಾತನ್ನೂ, ತಪ್ಪನ್ನೂ, ಹೊಗಳಿಕೆಯನ್ನೂ ಅವನ ಅನುಮತಿ ಇಲ್ಲದೆ ಪ್ರಸಂಗದಲ್ಲಿ ಹೇಳಬಾರದು. ಇದು ಮೊದಲನೆಯದು, ಕರುಣಾ ಅದರ ಕೆಳಗೆ ಎರಡು ಗೆರೆ ಎಳೆದರು. ವಾರದಲ್ಲಿ ಒಂದು ಸಂಜೆ ಮನೆಗೆ ಮಾತ್ರ, ಮರಣ ಬಿಟ್ಟು ಬೇರಾವ ಕರೆಗೂ ಎದ್ದು ಹೋಗುವಂತಿಲ್ಲ. ಸಭೆಗೆ ಸೇರದ ಒಬ್ಬ ಗೆಳೆಯ ಮಗನಿಗೆ ಇರಬೇಕು, ಆಟವಾಡಲು, ಬೈದಾಡಲು. ಸ್ವಂತಕ್ಕೆ ಸಣ್ಣ ಮನೆಯೊಂದಕ್ಕೆ ಈಗಿನಿಂದಲೇ ಹಣ ಕೂಡಿಡಬೇಕು. ನಿವೃತ್ತಿಯ ದಿನ ಬಂಗಲೆ ಖಾಲಿ ಮಾಡಿದಾಗ ಕರುಣಾ ಅವರ ಅಪ್ಪ ಅಮ್ಮನಿಗೆ ಹೋಗಲು ಮನೆಯೇ ಇರಲಿಲ್ಲ. ಮತ್ತೆ ಕರುಣಾ ‘ಅಮ್ಮನವರು’ ಆಗಬೇಕೋ ಬೇಡವೋ, ಕೆಲಸ ಬಿಡಬೇಕೋ ಬೇಡವೋ, ಅದು ಅವರ ತೀರ್ಮಾನ. ಮನೆಯ ಪ್ರಾರ್ಥನೆ ದಿನಾ ಇರಲಿ ಅಂತ ಗಂಡ ಬರೆಸಿದರು. ಚಿಕ್ಕದಾಗಿರಲಿ ಅಂತ ಕರುಣಾ ಸೇರಿಸಿದರು. ಹಾಡು ಮಗ ಆರಿಸಲಿ ಅಂತಲೂ.

ಓದುವವರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕರುಣಾ ಅವರ ಮನೆಯಲ್ಲಿ ನೋವಿತ್ತು, ಹಿಂಸೆ ಇರಲಿಲ್ಲ. ಸೇವೆಯ ಮನೆ ಅಂದಮಾತ್ರಕ್ಕೆ ಹೊಡೆತ, ಬೆದರಿಕೆ, ಮೈಮೇಲೆ ಕೈ ಹಾಕುವುದು ಇರುವುದಿಲ್ಲ ಅಂತಲ್ಲ. ಇದ್ದರೆ ಅಲ್ಲಿ ಲಾಭ ಹುಡುಕಲು ಹೋಗಬೇಡಿ, ಕ್ಷಮಿಸು ಅಂತ ಮಗುವಿಗೆ ಹೇಳಬೇಡಿ. ಮೊದಲು ಮಗು ಸುರಕ್ಷಿತವಾಗಬೇಕು. ಮಕ್ಕಳ ಸಹಾಯವಾಣಿ 1098, ಸಭೆಯ ಹೆಸರು ಕೆಡುತ್ತದೆ ಅಂತ ಯೋಚಿಸದೆ ಕರೆ ಮಾಡಿ.

ಆರನೇ ಭೇಟಿಗೆ ಮುಂಚೆ ಕರುಣಾ ಅಪ್ಪನ ಬಳಿ ಹೋಗಿಬಂದರು. ಅಪ್ಪನಿಗೆ ಈಗ 70 ದಾಟಿದೆ. ಬಾಡಿಗೆ ಮನೆ, ಗೋಡೆಯ ಉದ್ದಕ್ಕೂ ಪುಸ್ತಕದ ಟ್ರಂಕುಗಳು. ಅಂಗಳದಲ್ಲಿ ಚಹಾ ಕುಡಿಯುವಾಗ ಕೇಳಿಯೇಬಿಟ್ಟರು. ಅಪ್ಪ, ಆ ಐದು ರೂಪಾಯಿ. ಅಪ್ಪನಿಗೆ ನೆನಪೇ ಇರಲಿಲ್ಲ. “ಹೌದಾ? ಹಾಗೆ ಹೇಳಿದ್ನಾ?” ಅಂದರಂತೆ. ಅದು ಕರುಣಾಗೆ ಮೂಲ ನೋವಿಗಿಂತ ಜಾಸ್ತಿ ನೋವಾಯಿತು. ವಾಪಸ್ ಬಸ್ಸಿನಲ್ಲಿ ಅಳುತ್ತಾ ನನಗೆ ಸಂದೇಶ ಕಳಿಸಿದರು. ಇದಕ್ಕೆ ನಾನು ಅವರನ್ನು ಸರಿಯಾಗಿ ಸಿದ್ಧ ಮಾಡಿರಲಿಲ್ಲ. ನೋವು ಕೊಟ್ಟವರಿಗೆ ಮರೆತುಹೋಗಿರುತ್ತದೆ ಅಂತ ಮೊದಲೇ ಹೇಳಬೇಕಿತ್ತು. ಈಗ ಎಲ್ಲರಿಗೂ ಹೇಳುತ್ತೇನೆ.

ನಾಲ್ಕು ದಿನ ಬಿಟ್ಟು ಅಪ್ಪನ ಫೋನ್ ಬಂತು. ಅವರು ತಮ್ಮ ಪ್ರಸಂಗಗಳನ್ನೆಲ್ಲ ಡೈರಿಗಳಲ್ಲಿ ಬರೆದಿಡುತ್ತಿದ್ದರು, ತಾರೀಕು ಹಾಕಿ. ಟ್ರಂಕುಗಳನ್ನೆಲ್ಲ ತೆಗೆದು ಆ ವರ್ಷದ ಡೈರಿ ಹುಡುಕಿದ್ದಾರೆ. ಆ ಪುಟ ಸಿಕ್ಕಿತು. ಅಂಚಿನಲ್ಲಿ ಅವರದೇ ಕೈಬರಹದಲ್ಲಿ ‘ಮಗಳ ಸಂಗತಿ ಹೇಳುವುದು’ ಅಂತ ಇತ್ತು. ಫೋನಿನಲ್ಲಿ ಅದನ್ನು ಓದಿ ಹೇಳಿದರು. ಆಮೇಲೆ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಕರುಣಾ ಕೂಡ ಸುಮ್ಮನೆ ಫೋನ್ ಹಿಡಿದು ಕೂತರು. ಕೊನೆಗೆ ಅಪ್ಪ, “ನಿನ್ನನ್ನ ಕೇಳಬೇಕಿತ್ತವ್ವ” ಅಂದರು. ಆಮೇಲೆ ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡಿದರು. ಕರುಣಾ ಆಮೆನ್ ಅಂದರು, ಬಾಯಿ ಬಿಟ್ಟು.

ನಿದ್ದೆ ಈಗ ಪರವಾಗಿಲ್ಲ. ಗಂಡ ಒಂದು ವರ್ಷ ಕಾಯಲು ಒಪ್ಪಿದ್ದಾರೆ. ಆಮೇಲೆ ಏನಾಗುತ್ತದೋ ಅವರಿಗೇ ಬಿಟ್ಟದ್ದು, ನಾನು ಯಾವ ಕಡೆಗೂ ತಳ್ಳಿಲ್ಲ. ಒಪ್ಪಂದದ ಹಾಳೆಯನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಾರೆ. ಕಳೆದ ವಾರ ಅದರ ಫೋಟೊ ಕಳಿಸಿದ್ದರು. ಕೆಳಗೆ ಹೊಸದಾಗಿ ಒಂದು ಸಾಲು ಸೇರಿದೆ. ಮಗ ಹೇಳಿದ್ದನ್ನು ಅಮ್ಮ ಬರೆದದ್ದು, ಪಕ್ಕದಲ್ಲಿ ಅವನೇ ಪೆನ್ಸಿಲಿನಲ್ಲಿ ಓರೆಕೋರೆಯಾಗಿ ತನ್ನ ಹೆಸರು ಬರೆದಿದ್ದಾನೆ: ಎಲ್ಲಿಗೆ ಹೋದರೂ ನಾಯಿಯನ್ನ ಕರೆದುಕೊಂಡೇ ಹೋಗಬೇಕು.